ದುರ್ಬೀನಿಗೆ ಹೊದಿಸಿದ ಕೌದಿ

ಬಿಬವೇವಾಡಿಯ ಒಂದು ಅಪಾರ್ಟ್‌ಮೆಂಟ್ ಸೊಸೈಟಿಗೆ ನಾನು ವಾಚ್‌ಮನ್. ಮೂರನೇ ಮಹಡಿಯ ಕುಲಕರ್ಣಿ ಸಾಹೇಬರು ಚುಕ್ಕಿ ನೋಡುವ ದುರ್ಬೀನನ್ನು ಕಟ್ಟಡದ ತುದಿಯ ಬಯಲು ಗಚ್ಚಿಯ ಮೇಲೇ ಇಡ್ತಾರೆ. ಮನೆಯೊಳಗೆ ಇಟ್ಟರೆ ಗಾಜು ಬೆಚ್ಚಗಾಗಿ, ಚುಕ್ಕಿ ಅಲುಗಾಡಿದಂಗ ಕಾಣ್ತಾವಂತ. ಪ್ಲಾಸ್ಟಿಕ್ ಹೊದಿಸಿದರೆ ಬೆವರ್ತದ, ಹತ್ತಿ ಅರಿವಿ ಬೇಕು ಅಂದರು. ತೀರಿಹೋದ ನನ್ನ ಹೆಂಡತಿ ತನ್ನ ಹಳೇ ಸೀರೆ ಕೂಡಿಸಿ ಹೊಲಿದ ಕೌದಿ ಪೆಟ್ಟಿಗೆಯಲ್ಲಿತ್ತು. ಹೊದ್ದುಕೊಳ್ಳಲಿಕ್ಕೆ ನನಗೆ ಮನಸ್ಸು ಬರ್ತಿರಲಿಲ್ಲ. ಅದನ್ನೇ ಹೊದಿಸಿದೆ.

ಮರುದಿನ ಮುಂಜಾನೆ ಸೊಸೈಟಿಯ ಸೆಕ್ರೆಟರಿ ಓಡಿ ಬಂದರು.

"ಕಾಕಾ, ಗಚ್ಚಿ ಮ್ಯಾಲ ಯಾರೋ ಹೆಂಗಸು ಕೂತಾಳ! ಕರೆದರ ಮಾತೇ ಆಡವಲ್ಲಳು!"

"ಅದು ದುರ್ಬೀನ್ ರೀ."

"ಗಚ್ಚಿ ಮ್ಯಾಲ ಸಾಮಾನು ಇಡಂಗಿಲ್ಲ, ನಿಯಮ ಅದ. ಈಗಿಂದೀಗ ಕೆಳಗಿಳಸ್ರಿ, ಇಲ್ಲಾಂದ್ರ ನಿಮ್ಮ ನೌಕರಿ ಹೋತು."

"ಹೆಂಗಸೇ ಆಗಿದ್ದರ?"

ಅವರು ನಿಂತು ವಿಚಾರ ಮಾಡಿದರು. "ಮನಿಗೆ ಬಂದವರಾದ್ರ ನಡೀತದ. ರಜಿಸ್ಟರಿನ್ಯಾಗ ಹೆಸರು ಬೇಕು ನೋಡ್ರಿ."

ನಾನು ಹೆಂಡತಿಯ ಹೆಸರು ಬರೆದೆ, ಗಂಗವ್ವ ಅಂತ. ಬಂದ ಸಮಯ ಹಾಕಿದೆ. ಸೆಕ್ರೆಟರಿ ಎರಡು ಸಲ ಓದಿ ಸಹಿ ಮಾಡಿದರು.

ಈಗ ತಿಂಗಳಾತು. ಹೋದ ಸಮಯ ಬರೀರಿ ಅಂತ ಅವರು ದಿನಾ ಗಂಟು ಬೀಳ್ತಾರೆ. ಬರೀತೀನಿ ಅಂತೀನಿ. ಸಾಲಿ ಕಲಿತದ್ದು ಕಡಿಮೆ ನೋಡ್ರಿ, ನನಗ ಬರೆಯೋದು ಮೊದಲೇ ಭಾಳ ನಿಧಾನ.