ಹಂದಿ ಕಾಯುವ ಹಾಡು

ಗುಂಡ್ಲುಪೇಟೆಯಿಂದ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದಾರಿ ಹಿಡಿದರೆ, ಕಾಡು ಶುರುವಾಗುವುದಕ್ಕೆ ಸ್ವಲ್ಪ ಮುಂಚೆ ಮಂಗಳಗೌರಿಯ ಹೊಲ ಸಿಗುತ್ತದೆ. ಬದುವಿನ ಮೇಲೆ ಒಂದು ಕಂಬ, ಕಂಬದ ತುದಿಗೆ ಒಂದು ಸ್ಪೀಕರು, ಮಳೆ ಬೀಳದಿರಲಿ ಎಂದು ಅದರ ಮೇಲೆ ಬೋರಲು ಹಾಕಿದ ಪ್ಲಾಸ್ಟಿಕ್ ಬಕೆಟ್ಟು. ಕಾಡಂಚಿನ ಹೊಲದವರೆಲ್ಲ ಹೀಗೆ ಸ್ಪೀಕರ್ ಕಟ್ಟುತ್ತಾರೆ. ಸಂಜೆಯಾದರೆ ಒಬ್ಬರ ಹೊಲದಲ್ಲಿ ನಾಯಿ ಬೊಗಳುತ್ತದೆ, ಇನ್ನೊಬ್ಬರ ಹೊಲದಲ್ಲಿ ಹುಲಿ ಗುರುಗುಡುತ್ತದೆ, ಮತ್ತೊಂದರಲ್ಲಿ ಯಾರೋ ‘ಹೋಯ್ ಹೋಯ್’ ಎಂದು ಗಂಟಲು ಹರಿದುಕೊಳ್ಳುತ್ತಾರೆ. ಎಲ್ಲ ರೆಕಾರ್ಡು, ಕಾಡುಹಂದಿ ಓಡಿಸುವ ಉಪಾಯ. ಮಂಗಳಗೌರಿಯ ಹೊಲದಲ್ಲಿ ಮಾತ್ರ ನಮ್ಮ ಬ್ಯಾಂಡು ಹಾಡುತ್ತಿತ್ತು.

ನಗಬೇಡಿ. ಬ್ಯಾಂಡಿನ ಹೆಸರು ‘ಮುಳ್ಳುತಂತಿ’. ನಾವು ಮೂರೇ ಜನ. ಹಾಡಿಗೂ ಗಿಟಾರಿಗೂ ಮಂಗಳಗೌರಿಯ ತಮ್ಮ ಶಶಿಕುಮಾರ, ಡ್ರಮ್ಮಿಗೆ ಸಿದ್ದಾರ್ಥ, ಬೇಸ್ ಗಿಟಾರಿಗೆ ಈ ದೇವರಾಜು, ಅಂದರೆ ಈಗ ಚಾಮರಾಜನಗರದ ಕಚೇರಿಯೊಂದರಲ್ಲಿ ಕಂಪ್ಯೂಟರ್ ಕುಟ್ಟುತ್ತಿರುವ ನಾನು. ಶಶಿಗೆ ರಾಗ ಬರುತ್ತಿರಲಿಲ್ಲ, ಸಿಟ್ಟು ಬರುತ್ತಿತ್ತು. ಬಾರದ ಬಸ್ಸಿನ ಮೇಲೆ ಒಂದು ಹಾಡು, ಕರಿಕಲ್ಲು ಕ್ವಾರಿಯ ಧೂಳಿನ ಮೇಲೆ ಒಂದು ಹಾಡು. ಎಲ್ಲವನ್ನೂ ಒಂದೇ ದನಿಯಲ್ಲಿ, ಬೀದಿಯಲ್ಲಿ ನಿಂತು ಜಗಳಕ್ಕೆ ಕರೆಯುವವನ ಹಾಗೆ ಹಾಡುತ್ತಿದ್ದ. ಅವನ ಹಿಂದೆ ನನ್ನ ಬೇಸು ದಂ ದಂ ಎಂದು ಸುತ್ತಿದಲ್ಲೇ ಸುತ್ತುತ್ತಿತ್ತು. ಇದಕ್ಕೆ ಪೋಸ್ಟ್-ಪಂಕ್ ಎಂಬ ಹೆಸರಿದೆ ಎಂದು ನಮಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ, ಕೇರಳದ ಕೆಲವು ಕೇಳುಗರು ಹೇಳಿದಾಗ. ಅಲ್ಲಿಯವರೆಗೆ ನಾವು ಅದನ್ನು ಬರೀ ಗಲಾಟೆ ಎಂದುಕೊಂಡಿದ್ದೆವು.

ಮಂಗಳಗೌರಿಯ ತವರು ಕುದೇರು. ತಾಯಿ ತೀರಿಕೊಂಡಾಗ ಶಶಿ ಇನ್ನೂ ಅಂಬೆಗಾಲಿಡುತ್ತಿದ್ದನಂತೆ. ಅವನನ್ನು ಕಂಕುಳಲ್ಲಿ ಎತ್ತಿಕೊಂಡೇ ಬೆಳೆದ ಹುಡುಗಿ, ಶಾಂತಮಲ್ಲಪ್ಪನವರನ್ನು ಮದುವೆಯಾಗಿ ಬರುವಾಗಲೂ ತಮ್ಮನನ್ನು ಜೊತೆಗೇ ಕರೆತಂದಳು. ‘ಹೆಣ್ಣಿನ ಜೊತೆ ಒಂದು ಗಂಡೂ ಬಂತು’ ಎಂದು ಊರವರು ಹಾಸ್ಯ ಮಾಡಿದರು. ಶಾಂತಮಲ್ಲಪ್ಪ ಒಳ್ಳೆಯ ಮನುಷ್ಯ, ಅವರೂ ನಕ್ಕರು. ಅಕ್ಕ ಅರಿಶಿನ, ಚೆಂಡುಹೂವು, ಸಣ್ಣ ಈರುಳ್ಳಿ, ಜೋಳ ಬೆಳೆದಳು, ತಮ್ಮನನ್ನು ಕಾಲೇಜಿಗೆ ಕಳಿಸಿದಳು. ಅವನು ಗಿಟಾರು ತಂದಾಗ ಬೈದಳು. ಬೈದು ಮುಗಿದ ಮೇಲೆ ಅರಿಶಿನ ತುಂಬುವ ಷೆಡ್ಡಿನ ಒಂದು ಮೂಲೆಯನ್ನು ಗುಡಿಸಿ ಕೊಟ್ಟಳು.

ನಮ್ಮ ಮೊದಲ ರೆಕಾರ್ಡಿಂಗ್ ಆದದ್ದು ಆ ಷೆಡ್ಡಿನಲ್ಲೇ. ಸ್ಟುಡಿಯೋ ಎಂದರೆ ಅರಿಶಿನದ ಮೂಟೆಗಳು, ಮೈಕು ಎಂದರೆ ಮೂಟೆಯ ಮೇಲಿಟ್ಟ ಶಶಿಯ ಫೋನು. ಮುಗಿಯುವ ಹೊತ್ತಿಗೆ ಮೂವರೂ ಹಳದಿ ಧೂಳಿನಲ್ಲಿ ಮದುಮಕ್ಕಳಾಗಿದ್ದೆವು. ಮರುದಿನ ಶಶಿ ಅಕ್ಕನಿಗೆ ಕೇಳಿಸಿದ. ಅವಳು ಸೊಂಟದ ಮೇಲೆ ಕೈಯಿಟ್ಟು ಕೇಳಿದಳು.

“ಇದ ಕೇಳುದ್ರೆ ಹಂದಿ ಓಡೋಯ್ತವೆ ಕಣ್ಲಾ” ಅಂದಳು.

ಹೇಳಿ ಸುಮ್ಮನಾಗಲಿಲ್ಲ. ಅದನ್ನು ಮೆಮೊರಿ ಕಾರ್ಡಿಗೆ ಹಾಕಿಸಿ ಹೊಲದ ಸ್ಪೀಕರಿಗೆ ಸಿಕ್ಕಿಸಿದಳು. ದೇವರಾಣೆಗೂ ಹಂದಿಗಳು ಓಡಿದವು. ಪಕ್ಕದ ಹೊಲದ ಹುಲಿಗೆ ಹೆದರದಿದ್ದವು ಶಶಿಗೆ ಹೆದರಿದವು. ಆ ವರ್ಷ ಅವಳ ಜೋಳ ಪೂರ್ತಿ ಕೈಗೆ ಬಂತು. ಶಶಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಕಿರಲಿಲ್ಲ. “ಹಂದಿಗೂ ನಮ್ಮ ಹಾಡು ಮುಟ್ತು ಕಣ್ಲಾ” ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ.

ಮನುಷ್ಯರ ಮುಂದೆ ಹಾಡಿದ್ದು ಕಡಿಮೆ. ಚಾಮರಾಜನಗರದಲ್ಲಿ ಕಾಲೇಜಿನ ವಾರ್ಷಿಕೋತ್ಸವದಂದು ಎರಡನೇ ಹಾಡಿಗೇ ಯಾರೋ ಸ್ವಿಚ್ ಆರಿಸಿದರು. ಶಶಿ ಮೈಕಿಲ್ಲದೆಯೇ ಹಾಡಿ ಮುಗಿಸಿದ. ಚಂದಕವಾಡಿಯ ಮದುವೆಯೊಂದಕ್ಕೆ ಗಂಡಿನ ಗೆಳೆಯರು ಕರೆಸಿದ್ದರು. ಹೆಣ್ಣಿನ ಅಜ್ಜಿ ವೇದಿಕೆಗೇ ಹತ್ತಿ ಬಂದು, “ಊಟ ಮಾಡ್ಕಂಡು ಓಗ್ರಪ್ಪ, ಸಾಕು” ಎಂದು ಕೈಮುಗಿದರು. ಊಟ ಮಾಡಿಕೊಂಡು ಬಂದೆವು. ಕೇರಳದ ಸುಲ್ತಾನ್ ಬತ್ತೇರಿಯ ಒಂದು ವಾಚನಾಲಯದಲ್ಲಿ ಮಾತ್ರ ಜನ ಎದ್ದು ಹೋಗಲಿಲ್ಲ. ಅಲ್ಲಿ ಜಿತಿನ್ ಎಂಬುವನು ಫೋನಿನಲ್ಲಿ ಅದನ್ನೆಲ್ಲ ಹಿಡಿದುಕೊಂಡ. ಅದು ಕೈಯಿಂದ ಕೈಗೆ ಹೋಗಿ, ನಾವು ಕಾಣದ ಊರುಗಳಲ್ಲಿ ನಮಗೆ ಹುಚ್ಚು ಅಭಿಮಾನಿಗಳು ಹುಟ್ಟಿಕೊಂಡರು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ನಮ್ಮ ಜಿಲ್ಲೆಯಲ್ಲಿ ನಮ್ಮನ್ನು ಮದ್ದೆಂದವರು ಒಬ್ಬರೂ ಇರಲಿಲ್ಲ.

ಆಮೇಲೆ ಶಶಿಗೆ ಡೆಂಗಿ ಬಂತು. ಸಾದಾ ಜ್ವರ ಎಂದುಕೊಂಡೆವು, ವಾರ ಕಳೆಯುವುದರೊಳಗೆ ಹೋಗಿಬಿಟ್ಟ. ಬ್ಯಾಂಡೂ ಅಲ್ಲಿಗೆ ನಿಂತಿತು. ನಾನು ಮತ್ತೆ ಬೇಸ್ ಮುಟ್ಟಲಿಲ್ಲ, ಮುಟ್ಟುವ ಆಸೆಯೂ ಆಗಲಿಲ್ಲ.

ಈ ವರ್ಷ ಜಿತಿನ್ ಫೋನ್ ಮಾಡಿದ. ‘ಮುಳ್ಳುತಂತಿ’ಯ ಆರಂಭದ ರೆಕಾರ್ಡಿಂಗು, ವೇದಿಕೆಯ ಹಾಡು ಎಲ್ಲ ಸೇರಿಸಿ ಅಲ್ಲಿಯ ಅಭಿಮಾನಿಗಳು ಒಂದು ಆಲ್ಬಮ್ ತರುತ್ತಾರಂತೆ. ವೇದಿಕೆಯದೆಲ್ಲ ಸಿಕ್ಕಿದೆ, ಷೆಡ್ಡಿನ ಮೊದಲ ರೆಕಾರ್ಡಿಂಗ್ ಮಾತ್ರ ಇಲ್ಲ. ಅದು ಎಲ್ಲೂ ಉಳಿದಿರಲಿಲ್ಲ, ಮಂಗಳಗೌರಿಯ ಕಂಬದ ಮೇಲಿನ ಕಾರ್ಡಿನಲ್ಲಿ ಬಿಟ್ಟು. ನಾನೂ ಜಿತಿನ್ನೂ ಗುಂಡ್ಲುಪೇಟೆಯಲ್ಲಿ ಸೇರಿ ಅವಳ ಮನೆಗೆ ಹೋದೆವು.

“ಆಗಲ್ಲ” ಅಂದಳು ಅಕ್ಕ. “ಕಾರ್ಡ್ ಕಿತ್ರೆ ಹಂದಿ ಬತ್ತವೆ.”

ಶಾಂತಮಲ್ಲಪ್ಪ ಜಗುಲಿಯಿಂದಲೇ ಹೇಳಿದರು: “ಯಾವ ಹಂದೀನಮ್ಮಿ? ಅವ್ಕೆ ರೂಢಿಯಾಗೋಗದೆ. ಕಂಬದ ಬುಡ್ದಲ್ಲೇ ನಿಂತ್ಕಂಡು ಈರುಳ್ಳಿ ಕೆರಿತವೆ. ನಾಯಿ ಬೊಗಳೋ ಕಾರ್ಡ್ ತಂದು ಎಸ್ಟು ದಿನಾಯ್ತು? ಹಾಕಾಕೇ ಬುಡ್ದಿಲ್ಲ ಇವ್ಳು. ಆ ಹಳೇ ಕಾರ್ಡೂ ಈಗ ತಡವರುಸ್ತದೆ ಕಣಪ್ಪ, ಮಳೆ ಬಿಸ್ಲು ತಿಂದು.”

“ಚೇಚಿ, ಕಾರ್ಡ್ ನಮಗೆ ಬೇಡ, ಕಾಪಿ ಮತಿ” ಎಂದ ಜಿತಿನ್, ಅರ್ಧ ಕನ್ನಡ ಅರ್ಧ ಮಲಯಾಳದಲ್ಲಿ. ಅಕ್ಕಾ, ಹಾಡಿನ ನಕಲು ಸಾಕು ಎಂದು.

ಅಕ್ಕನ ಮುಖ ಬಿಗಿಯಿತು. “ಫೋನಿಗೂ ಅಂಗೇ ಅಂದಿದ್ರು” ಅಂದಳು. ಶಶಿ ಹೋದ ಮೇಲೆ ಅವನ ಫೋನಿನಲ್ಲಿದ್ದ ಫೋಟೋಗಳನ್ನು ತೆಗೆಸಿಕೊಳ್ಳಲು ಒಂದು ಅಂಗಡಿಗೆ ಕೊಟ್ಟಿದ್ದಳಂತೆ. ಫೋನು ಸರಿಯಾಗಿ ವಾಪಸ್ ಬಂತು, ಒಳಗೆ ತಮ್ಮ ಇರಲಿಲ್ಲ. ನನಗೆ ಅದು ಗೊತ್ತೇ ಇರಲಿಲ್ಲ. ಕೊಟ್ಟರೆ ಅಳಿಸಿಹೋಗಬಹುದು, ಕೊಡದಿದ್ದರೆ ಮಳೆಯಲ್ಲಿ ಕೆಟ್ಟೇ ಹೋಗುತ್ತದೆ. ಅವಳು ಆ ಎರಡರ ನಡುವೆ ಸಿಕ್ಕಿಕೊಂಡಿದ್ದಳು. ಅವಳು ಕೊಟ್ಟ ಕಾಫಿ ಕುಡಿದು ಲೋಟ ಕೆಳಗಿಟ್ಟೆ.

ಕೊನೆಗೆ ಅವಳೇ ಎದ್ದಳು. “ಮೊದ್ಲು ಪೂರ್ತಿ ಕೇಳನ ಬನ್ನಿ” ಅಂದಳು.

ಬಿಸಿಲು ಇಳಿಯುತ್ತಿತ್ತು. ಬದುವಿನ ಮೇಲೆ ಕೂತೆವು. ಅವಳು ಸ್ವಿಚ್ ಹಾಕಿದಳು. ನನ್ನ ಬೇಸು ಗೊರಗೊರ ಎಂದಿತು, ಶಶಿ ಬಾರದ ಬಸ್ಸನ್ನು ಬೈಯತೊಡಗಿದ. ನಡುವೆ ದನಿ ಸಿಕ್ಕಿಕೊಂಡು ಒಂದೇ ಅಕ್ಷರವನ್ನು ಕುಟ್ಟಿತು. ಅಕ್ಕ ಉಸಿರು ಹಿಡಿದಳು. ಮತ್ತೆ ಹೊರಟಿತು. ಹಾಡು ಮುಗಿದಾಗ ನಾನು ಏಳಲು ಹೋದೆ. ಅವಳು ನನ್ನ ತೋಳು ಹಿಡಿದು ಕೂರಿಸಿದಳು.

ಸ್ಪೀಕರಿನಲ್ಲಿ ಸ್ವಲ್ಪ ಹೊತ್ತು ಬರೀ ಷೆಡ್ಡಿನ ಮೌನ. ಅಂದು ಯಾರೂ ಫೋನು ಆರಿಸಿರಲಿಲ್ಲ. ಆಮೇಲೆ ತಗಡಿನ ಬಾಗಿಲು ಕಿರ್ರೆಂದಿತು, ದೂರದಿಂದ ಅವಳದೇ ದನಿ, ಹತ್ತು ವರ್ಷ ಚಿಕ್ಕದು:

“ಸಸೀ, ಮುದ್ದೆ ಆರೋಯ್ತದೆ, ಬಾ ಲಾ.”

“ಬಂದೆ ಕಣಕ್ಕ.”

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಹಸಿದ ಹುಡುಗನ ದನಿ. ನನಗೆ ದುಃಖ ಉಕ್ಕಿ ಬಂತು, ತಡೆಯಲಿಲ್ಲ, ಅತ್ತುಬಿಟ್ಟೆ. ದಿನಾ ಸಂಜೆ ಅವಳು ಸ್ವಿಚ್ ಹಾಕುತ್ತಿದ್ದದ್ದು ಇದಕ್ಕೆ. ಅವಳು ಅಳಲಿಲ್ಲ. ಏಣಿ ಹತ್ತಿ ಕಾರ್ಡನ್ನು ತಾನೇ ಕಿತ್ತು ತಂದು ಜಿತಿನ್ ಕೈಗಿಟ್ಟಳು.

ಅವನು ಜಗುಲಿಯ ಮೇಲೆ ಲ್ಯಾಪ್‌ಟಾಪ್ ತೆರೆದ. ಕಾಪಿ ಆಗುವಷ್ಟು ಹೊತ್ತೂ ಅವಳು ಒಲೆಯ ಮೇಲಿನ ಹಾಲು ನೋಡುವ ಹಾಗೆ ನೋಡುತ್ತ ನಿಂತಳು. ಕಾಪಿ ಒಮ್ಮೆ ಅರ್ಧಕ್ಕೇ ನಿಂತಿತು. ಮತ್ತೆ ಹಾಕಿದಾಗ ಪೂರ್ತಿ ಬಂತು. ಕೊನೆಯ ತುಂಡನ್ನು ಕೇಳಿಸಿದ. ‘ಬಂದೆ ಕಣಕ್ಕ’ ಎಂದಿತು ಲ್ಯಾಪ್‌ಟಾಪ್. ಅದನ್ನು ಅವಳ ಫೋನಿಗೂ ಹಾಕಿಕೊಟ್ಟ. ಅವಳು ಕಿವಿಗೆ ಹಿಡಿದು ಕೇಳಿ, ಮೆಟ್ಟಿಲ ಮೇಲೆ ಕುಸಿದು ಕೂತಳು.

ಆಲ್ಬಮ್ಮಿಗೆ ಕೊನೆಯ ಮಾತುಕತೆ ಕತ್ತರಿಸಲೇ ಎಂದು ಜಿತಿನ್ ಮೆಲ್ಲಗೆ ಕೇಳಿದ.

“ಅದ ಬುಡು” ಅಂದಳು ಅಕ್ಕ. “ಕತ್ರುಸ್ಲೇಬೇಕು ಅಂದ್ರೆ ಹಾಡ ಕತ್ರುಸು.”

ಶಾಂತಮಲ್ಲಪ್ಪನವರಿಗೆ ನಗು ಬಂತು, ನಮಗೂ ಬಂತು. ಆಮೇಲೆ ಅವಳು ಒಳಗೆ ಹೋಗಿ ನಾಯಿ ಬೊಗಳುವ ಹೊಸ ಕಾರ್ಡು ತಂದು ಗಂಡನಿಗೆ ಕೊಟ್ಟಳು. ಅವರು ನಂಬಲಾಗದೆ ಅವಳ ಮುಖ ನೋಡಿದರು.

“ಇದ ಸಿಕ್ಸಿ ಬನ್ನಿ” ಅಂದಳು, ಹಳೆಯ ಕಾರ್ಡನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತ. “ಇವ್ನು ಮಳೇಲಿ ನಿಂತಿದ್ದು ಸಾಕು. ಒಳಿಕ್ಕೆ ಬರ್ಲಿ.”