ನೀರುಕಾಗೆಗಾಗಿ ಕಾದು ಕೂತ ಕಾವಲುಗಾರ

ಓಯ್! ಬಸ್‌ಸ್ಟಾಪಿನಲ್ಲಿ ಕೈಕಟ್ಟಿ ನಿಂತವರೇ, ಚಿಪ್ಸ್ ಅಂಗಡಿಯ ಸಾಲಿನಲ್ಲಿ ತೂಕಡಿಸುತ್ತಿರುವವರೇ, ಸ್ವಲ್ಪ ಇತ್ತ ಕಿವಿ ಕೊಡಿ! ಈ ವಾಯ್ಸ್ ಮೆಸೇಜು ಕೇಳಲು ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಳ್ಳಿ, ಇಲ್ಲಿ ಗಾಳಿ ಜೋರಾಗಿದೆ. ಭಾನುವಾರ ಹಳ್ಳದ ಹತ್ತಿರ ಕ್ಲೆಮ್ ಟಪ್‌ಹೋಮ್ ಏನು ಮಾಡಿದ ಎಂದು ನಿಮಗೆ ಯಾರೂ ಸರಿಯಾಗಿ ಹೇಳಿಲ್ಲ. ನಮ್ಮ ಗಾಳದವರ ಸಂಘದ ಬ್ಯಾರಿ ಹೇಳಿದ್ದರಲ್ಲಿ ಅರ್ಧ ಸುಳ್ಳು, ಉಳಿದರ್ಧ ಬ್ಯಾರಿಯ ಪ್ರತಾಪ. ನಾನು ದಡದಲ್ಲಿ ನನ್ನ ಜಾಗ ಗುರುತಿಸಿದ ಒಂಬತ್ತನೇ ಗೂಟದ ಬಳಿಯೇ ಗಾಳ ಹಾಕಿಕೊಂಡು ಕೂತಿದ್ದೆ. ಎಲ್ಲವನ್ನೂ ಕಣ್ಣಾರೆ ಕಂಡೆ.

ಕ್ಲೆಮ್ ಮೂವತ್ತೊಂದು ವರ್ಷ ನಮ್ಮ ಶಾಲೆಯ ಬಸ್ಸು ಓಡಿಸಿದವನು. ನಿವೃತ್ತನಾದ ಮರುದಿನವೇ ಹಳೇ ಇಟ್ಟಿಗೆ ಕಾರ್ಖಾನೆಯವರು ಮಣ್ಣು ತೆಗೆದು ಈಗ ನೀರು ತುಂಬಿರುವ ಹಳ್ಳಕ್ಕೆ, ಅದರ ಮೀನಿಗೆ ಕಾವಲುಗಾರನಾದ. ಇದಾಗಿ ಹನ್ನೊಂದು ವರ್ಷ. ಗಾಳದವರ ಸಂಘ ಅವನಿಗೆ ಸಂಬಳ ಕೊಡುವುದಿಲ್ಲ, ಗೇಟಿನ ಕೀ ಕೊಟ್ಟಿದೆ. ಅದನ್ನು ಬೂಟಿನ ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಿದ್ದಾನೆ. ಸ್ನಾನಕ್ಕೂ ತೆಗೆಯುವುದಿಲ್ಲ ಎಂದು ಅವನ ಹೆಂಡತಿ ನೋರೀನ್ ಹೇಳುತ್ತಾಳೆ. ಆ ಕೀ ಹೋದರೆ ಕ್ಲೆಮ್ ಮನೆಯಲ್ಲಿ ಕೂರಬೇಕಾಗುತ್ತದೆ. ಅದಕ್ಕೆ ಕ್ಲೆಮ್ ಎಷ್ಟು ಹೆದರುತ್ತಾನೋ ನೋರೀನ್ ಅದಕ್ಕಿಂತ ಹೆಚ್ಚು ಹೆದರುತ್ತಾಳೆ.

ಹಳ್ಳಕ್ಕೆ ಇರುವ ಶತ್ರು ಒಂದೇ, ನೀರುಕಾಗೆ. ಚಳಿಗಾಲ ಬಂತೆಂದರೆ ಸಮುದ್ರ ಬಿಟ್ಟು ನಮ್ಮೂರಿಗೆ ಬರುತ್ತದೆ. ಮುಳುಗಿದರೆ ಒಂದು ಮೀನು, ಎದ್ದರೆ ಒಂದು ಗುಟುಕು. ಅದರ ಮೈ ಮುಟ್ಟಲು ಕಾನೂನು ಬಿಡುವುದಿಲ್ಲ, ಬೆದರಿಸುವುದಕ್ಕೆ ಅಡ್ಡಿಯಿಲ್ಲ. ಕ್ಲೆಮ್ ಚಪ್ಪಾಳೆ ತಟ್ಟುತ್ತ ದಡದುದ್ದಕ್ಕೂ ಓಡುತ್ತಾನೆ. ಶಾಲೆಯ ಮಕ್ಕಳಿಗೆ ಕೂಗಿ ಕೂಗಿ ಪಳಗಿದ ಗಂಟಲು, ಹಕ್ಕಿಗೂ ಅದೇ ಮಾತು: "ಏಯ್, ಇಳೀರಿ ಇಳೀರಿ! ಇದೇ ಕೊನೇ ಸ್ಟಾಪು!"

ಅವನಿಲ್ಲದ ಹೊತ್ತಿಗೆ ಡೋರಿಸ್ ಇರುತ್ತಾಳೆ. ಡೋರಿಸ್ ಎಂದರೆ ಬೆದರುಬೊಂಬೆ. ನೀರುಕಾಗೆ ಬಲು ಬುದ್ಧಿವಂತ, ಮೂರೇ ದಿನದಲ್ಲಿ ಬೊಂಬೆಯ ಗುರುತು ಹಿಡಿದು ಅದರ ತಲೆಯ ಮೇಲೇ ಕೂತು ರೆಕ್ಕೆ ಒಣಗಿಸಿಕೊಳ್ಳುತ್ತದೆ. ಹಾಗಾಗಿ ಕ್ಲೆಮ್ ಎರಡು ದಿನಕ್ಕೊಮ್ಮೆ ಡೋರಿಸ್‌ಳ ಜಾಗ ಬದಲಿಸುತ್ತಾನೆ, ಬಟ್ಟೆಯನ್ನೂ ಬದಲಿಸುತ್ತಾನೆ. ಬಟ್ಟೆ ಎಲ್ಲಿಂದ ಬರುತ್ತದೆ ಎಂದು ನೋರೀನ್‌ಳ ಬೀರುವನ್ನು ಕೇಳಿ.

ಈ ಜನವರಿಯಲ್ಲಿ ಕ್ಲೆಮ್ ಇನ್ನೂ ಒಂದು ಕೆಲಸ ಮಾಡಿದ. ಹಬ್ಬ ಮುಗಿದ ಮೇಲೆ ಊರವರು ಬೀದಿಗೆಸೆದ ಕ್ರಿಸ್‌ಮಸ್ ಗಿಡಗಳನ್ನೆಲ್ಲ ಬಳಿದು ತಂದ, ಒಟ್ಟು ಅರವತ್ತನಾಲ್ಕು. ಒಂದೊಂದಕ್ಕೂ ಇಟ್ಟಿಗೆ ಕಟ್ಟಿ ಹಳ್ಳದ ಆಳವಾದ ಮೂಲೆಯಲ್ಲಿ ಮುಳುಗಿಸಿದ. ಕೊಂಬೆಗಳ ಸಂದಿಯಲ್ಲಿ ಮೀನು ನುಸುಳುತ್ತದೆ, ದಢೂತಿ ನೀರುಕಾಗೆ ನುಸುಳಲಾರದು. ಆ ಮೂಲೆಯಲ್ಲಿ ಗಾಳವನ್ನೂ ಹಾಕಬಾರದು ಎಂದು ಹಗ್ಗ ಕಟ್ಟಿದ.

ಉಪಾಯ ಎಷ್ಟು ಚೆನ್ನಾಗಿ ಫಲಿಸಿತೆಂದರೆ ಫೆಬ್ರವರಿ ಹೊತ್ತಿಗೆ ಒಂದು ನೀರುಕಾಗೆಯೂ ಹಳ್ಳದ ಕಡೆ ತಲೆ ಹಾಕಲಿಲ್ಲ. ಗಾಳಕ್ಕೆ ಒಂದು ಮೀನೂ ಬೀಳಲಿಲ್ಲ.

ಪಬ್ಬಿನ ಹಿಂದಿನ ಕೋಣೆಯಲ್ಲಿ ಸಂಘದ ಸಭೆ ಸೇರಿತು. ಕಾರ್ಯದರ್ಶಿ ಬ್ಯಾರಿ ಸ್ಕ್ರಿಮ್‌ಶಾ ಬಿಯರ್ ಲೋಟ ಕೆಳಗಿಟ್ಟು ಮೀಸೆ ಒರೆಸಿಕೊಂಡ.

"ಹಳ್ಳದಲ್ಲಿ ಮೀನೇ ಇಲ್ಲ ಕ್ಲೆಮ್. ನೀರುಕಾಗೆಗಳು ಎಲ್ಲಾನೂ ನುಂಗಿ ಹಾಕಿದಾವೆ."

"ಇದಾವೆ. ಗಿಡದೊಳಗೆ ಬೆಚ್ಚಗೆ ಕೂತಿದಾವೆ."

"ಹಂಗಾದ್ರೆ ನೀರುಕಾಗೆ ಯಾಕೆ ಬರ್ತಿಲ್ಲ?"

"ನಾನು ಓಡಿಸಿದೀನಿ, ಅದಕ್ಕೆ!"

"ಅಲ್ಲಪ್ಪಾ. ಅಡುಗೆ ಖಾಲಿಯಾಗಿರೋ ಹೋಟ್ಲಿಗೆ ಯಾರ್ ಬರ್ತಾರೆ?"

ಎಲ್ಲರೂ ಹೋ ಎಂದು ನಕ್ಕರು. ಹನ್ನೊಂದು ವರ್ಷದ ದುಡಿಮೆಯೇ ಕ್ಲೆಮ್‌ನ ವಿರುದ್ಧ ಸಾಕ್ಷಿಗೆ ನಿಂತಿತ್ತು. ಮಾರ್ಚ್ ಮೊದಲ ಭಾನುವಾರದ ಪಂದ್ಯದಲ್ಲಿ ಮಧ್ಯಾಹ್ನ ಎರಡರೊಳಗೆ ತಕ್ಕಡಿಗೆ ಒಂದಾದರೂ ಮೀನು ಬೀಳದಿದ್ದರೆ ಗೇಟಿನ ಕೀ ಬ್ಯಾರಿಯ ಕೈಗೆ ಎಂದು ತೀರ್ಮಾನವಾಯಿತು.

ಭಾನುವಾರ ಬಂತು. ಮೂಡಣ ಗಾಳಿ ಕಿವಿ ಕತ್ತರಿಸುತ್ತಿತ್ತು. ಹದಿನೆಂಟು ಜನ ಹದಿನೆಂಟು ಗೂಟಗಳ ಬಳಿ ಗಾಳದ ದಾರದಲ್ಲಿ ತೇಲುವ ಬೆಂಡು ನೋಡುತ್ತ ಕೂತೆವು. ಹತ್ತು ಗಂಟೆಗೂ ಬೆಂಡು ಅಲುಗಲಿಲ್ಲ, ಹನ್ನೊಂದಕ್ಕೂ ಇಲ್ಲ. ಹನ್ನೆರಡಕ್ಕೆ ನಾಲ್ಕನೇ ಗೂಟದ ಗ್ಲೆನಿಸ್ "ಸಿಕ್ತು! ಸಿಕ್ತು! ದೊಡ್ಡದು!" ಎಂದು ಕಿರುಚಿದಳು. ಕೋಲು ಬಿಲ್ಲಿನಂತೆ ಬಾಗಿತು. ಕ್ಲೆಮ್ ಬಲೆ ಹಿಡಿದು ಎದ್ದುಬಿದ್ದು ಓಡಿದ. ಮೇಲೆ ಬಂದದ್ದು ಕ್ರಿಸ್‌ಮಸ್ ಗಿಡದ ಒಂದು ಕೊಂಬೆ, ತುದಿಯಲ್ಲಿ ಬಂಗಾರದ ಬಣ್ಣದ ಗಾಜಿನ ಗುಂಡು.

"ಅಯ್ಯೋ, ಇದು ನಮ್ಮನೇದೇ!" ಎಂದಳು ಗ್ಲೆನಿಸ್. "ಎಲ್ಲಾ ಕಡೆ ಹುಡುಕಿದ್ದೆ ಕಣೋ ಕ್ಲೆಮ್!"

"ತಕ್ಕಡಿಗೆ ಹಾಕೋಣ್ವಾ?" ಎಂದು ಆಚೆ ದಡದಿಂದ ಬ್ಯಾರಿ ಕೂಗಿದ.

ಕ್ಲೆಮ್ ಬಲೆ ಕೆಳಗಿಟ್ಟು ಆಕಾಶ ನೋಡಿದ. ಹೊಲದಾಚೆ ಒಣಗಿ ನಿಂತ ಎತ್ತರದ ಮರದ ತುದಿಯಲ್ಲಿ ಒಂದು ಕಪ್ಪು ಚುಕ್ಕೆ ಕಾಣುತ್ತಿತ್ತು. ಅದನ್ನೇ ದಿಟ್ಟಿಸಿ ಎರಡು ನಿಮಿಷ ನಿಂತ. ಆಮೇಲೆ ನೆಟ್ಟಗೆ ಡೋರಿಸ್ ಬಳಿ ಹೋಗಿ ಅವಳನ್ನು ಬುಡಸಮೇತ ಕಿತ್ತು, ಕಂಕುಳಲ್ಲಿ ಇರುಕಿಕೊಂಡು ಶೆಡ್ಡಿಗೆ ನಡೆದ. ಸ್ಯಾಂಡ್‌ವಿಚ್ ಡಬ್ಬಿ ತಂದಿದ್ದ ನೋರೀನ್ ಎದುರಾದಳು.

"ಅವಳನ್ನೆತ್ಕೊಂಡು ಎಲ್ಲಿಗ್ ಹೊರಟೆ?"

"ಒಳಗೆ. ನೀರುಕಾಗೆ ಬರ್ಬೇಕು."

"ಏನಂದೆ?"

"ಬರ್ಬೇಕು ಕಣೆ. ಎಲ್ರೆದುರಿಗೆ ಒಂದೇ ಒಂದು ಮೀನು ಹಿಡೀಬೇಕು. ಅದ್ ಬಿಟ್ರೆ ನಂಗೆ ಬೇರೆ ಸಾಕ್ಷಿ ಇಲ್ಲ."

"ಹನ್ನೊಂದು ವರ್ಷ ಅದನ್ನ ಓಡಿಸೋಕೆ ನನ್ನ ಎರಡು ಕೋಟು, ಆರು ಸ್ಕರ್ಟು ಹೋದ್ವು. ಈಗ ಊಟಕ್ಕೆ ಕರೀತೀಯಾ?"

"ಕರೆಯೋದು ಹೆಂಗೆ ಅಂತ್ಲೇ ತಿಳೀತಿಲ್ಲ. ಓಡಿಸೋದಷ್ಟೇ ನಂಗ್ ಬರೋದು."

ಇಬ್ಬರೂ ನನ್ನ ಗೂಟದ ಹಿಂದಿನ ಬೇಲಿಯ ಬುಡದಲ್ಲಿ ಬೋರಲು ಮಲಗಿದರು. ಅದಕ್ಕೂ ಮೊದಲು ಕ್ಲೆಮ್ ದಡದ ಸುತ್ತ ಬಗ್ಗಿ ಬಗ್ಗಿ ನಡೆದು ಪ್ರತಿಯೊಬ್ಬರಿಗೂ ಪಿಸುಗುಟ್ಟಿದ್ದ: "ಅಲ್ಲಾಡ್ಬೇಡಿ. ಕೆಮ್ಮಬೇಡಿ. ದೊಡ್ಡವರು ಬರ್ತಿದಾರೆ ಅಂದ್ಕೊಳ್ಳಿ." ನನಗೆ ನಗು ತಡೆಯಲು ಕೈಗವಸು ಕಚ್ಚಬೇಕಾಯಿತು.

ಒಂದೂ ಇಪ್ಪತ್ತಕ್ಕೆ ಅದು ಬಂತು. ಹಳ್ಳದ ಮೇಲೆ ಎರಡು ಸುತ್ತು ಹಾಕಿತು, ಡೋರಿಸ್ ಇಲ್ಲದ್ದನ್ನು ಖಾತ್ರಿ ಮಾಡಿಕೊಂಡಂತೆ ಕಂಡಿತು. ಆಮೇಲೆ ಆಳದ ಮೂಲೆಯಲ್ಲಿ ಇಳಿದು ಕತ್ತು ನೀಟಿಸಿ ಗುಳುಂ ಎಂದು ಮುಳುಗಿತು. ಹದಿನೆಂಟು ಜನರ ಉಸಿರು ನಿಂತಿತು. ಎದ್ದಾಗ ಅದರ ಕೊಕ್ಕಿನಲ್ಲಿ ಯಾವುದೋ ಗಿಡಕ್ಕೆ ಸುತ್ತಿದ್ದ, ಮಿರಮಿರ ಮಿಂಚುವ ಜರಿಹಾಳೆಯ ಹಾರ!

"ಹಬ್ಬ ಮಾಡ್ತಿದೆ ಪಾಪ!" ಎಂದ ಬ್ಯಾರಿ. ಬೇಲಿಯ ಬುಡದಿಂದ "ಥೂ ನಿನ್ನ, ಇನ್ನೊಂದ್ ಸಲ ಹೋಗೋ!" ಎಂಬ ಪಿಸುಮಾತು ಕೇಳಿಸಿತು. ಬೈದದ್ದು ಹಕ್ಕಿಗೋ ಬ್ಯಾರಿಗೋ ತಿಳಿಯಲಿಲ್ಲ.

ಹಕ್ಕಿ ಹಾರವನ್ನು ಒದರಿ ಎಸೆದು ಮತ್ತೆ ಮುಳುಗಿತು. ಈ ಸಲ ಮೂಲೆಯ ನೀರು ಕುದಿಯಿತು. ಗಿಡಗಳ ಅಂಚಿನಲ್ಲಿದ್ದ ಮೀನೆಲ್ಲ ಬೆಚ್ಚಿ, ಬೆಳ್ಳಿ ಕಾಸು ಎರಚಿದಂತೆ ನೀರಿನಿಂದ ಚಿಮ್ಮಿ ನಮ್ಮ ಗೂಟಗಳತ್ತ ನುಗ್ಗಿದವು. ಹಕ್ಕಿ ಎದ್ದಾಗ ಕೊಕ್ಕಿನಲ್ಲಿ ಅಂಗೈ ಉದ್ದದ ಮೀನು ಅಡ್ಡಡ್ಡ ಒದ್ದಾಡುತ್ತಿತ್ತು. ನೋಡುತ್ತಿದ್ದಂತೆ ನನ್ನ ಬೆಂಡು ಮಾಯವಾಯಿತು. ಗ್ಲೆನಿಸ್‌ಳದೂ ಮಾಯ. ಬ್ಯಾರಿಯ ಕೋಲಂತೂ ಅವನ ಕೈ ಬಿಟ್ಟು ನೀರಿಗೇ ಹೊರಟಿತ್ತು, ಮೊಣಕಾಲೂರಿ ಹಿಡಿದುಕೊಂಡ. ಈ ವರ್ಷದ ಅವನ ಮೊದಲ ಮೀನು ಅದು, ಬೆನ್ನು ತೋರಿಸಿ ಎತ್ತಿದರೂ ಎಲ್ಲರಿಗೂ ಕಂಡಿತು.

ಬೇಲಿಯ ಬುಡದಲ್ಲಿ ಬೇರೆಯೇ ಕಷ್ಟ ನಡೆದಿತ್ತು. ನೋರೀನ್ ಕ್ಲೆಮ್‌ನ ಕಾಲರ್ ಹಿಡಿದೆಳೆಯುತ್ತಿದ್ದಳು.

"ಮಲಕ್ಕೋ. ಕೀ ಉಳೀತು. ಸುಮ್ನೆ ಮಲಕ್ಕೋ."

"ಎರಡು ತಿಂತು ಕಣೆ!"

"ತಿನ್ಲಿ."

"ಮೂರು! ಸಾಕ್ಷಿಗೆ ಒಂದು ಸಾಕಿತ್ತಲ್ಲೇ!"

ಹಕ್ಕಿ ನಾಲ್ಕನೆಯದಕ್ಕೆ ಮುಳುಗುವುದರೊಳಗೆ ಕಾಲರಿನ ಗುಂಡಿ ಕಿತ್ತುಬಂತು. ಕ್ಲೆಮ್ ಬೇಲಿ ಸೀಳಿಕೊಂಡು ಹೊರಬಿದ್ದ. ಚಪ್ಪಾಳೆ ತಟ್ಟುತ್ತ, ಕೆಸರು ಹಾರಿಸುತ್ತ ಓಡಿದ: "ಇಳೀರಿ! ಇಳೀರಿ! ಕೊನೇ ಸ್ಟಾಪು!"

"ಬಿಡೋ ಮಾರಾಯಾ!" ಎಂದು ಬ್ಯಾರಿ ಅರಚಿದ. "ಮೀನು ನಮ್ ಕಡೆ ಅಟ್ಟಿ ಕೊಡ್ತಿದೆ, ಓಡಿಸ್ಬೇಡ!"

"ನಾನು ಕಾವಲುಗಾರ ಹೌದೋ ಅಲ್ವೋ?"

"ಹೌದು ಮಾರಾಯಾ, ಹೌದು! ಆದ್ರೆ ಇನ್ನರ್ಧ ಗಂಟೆ ಬಿಟ್ಟು ಕಾಯಿ!"

ಹಕ್ಕಿ ಆಗಲೇ ಹೊಲ ದಾಟಿತ್ತು. ಮೀನುಗಳು ಬಂದ ದಾರಿಯಲ್ಲೇ ಗಿಡದೊಳಗೆ ಸೇರಿಕೊಂಡವು, ಬೆಂಡುಗಳು ಮತ್ತೆ ಅಲ್ಲಾಡಲಿಲ್ಲ. ಎರಡು ಗಂಟೆಗೆ ತೂಗಿದಾಗ ಒಟ್ಟು ಇಪ್ಪತ್ತೇಳು ಮೀನು. ತೂಗಿ ಎಂದಿನಂತೆ ನೀರಿಗೇ ಬಿಟ್ಟರು. ಎಲ್ಲರೂ ಕ್ಲೆಮ್‌ನನ್ನು ಬೈಯುತ್ತಲೇ ಕೋಲು ಮಡಚಿದರು. ಗ್ಲೆನಿಸ್ ಒಬ್ಬಳೇ, "ಬ್ಯಾರಿ, ಆ ಕೀ ವಿಷಯ?" ಎಂದು ಕೇಳಿದಳು.

"ಯಾವ ಕೀ?" ಎಂದು ಬ್ಯಾರಿ ಪೆಟ್ಟಿಗೆ ಹೊತ್ತು ನಡೆದೇಬಿಟ್ಟ.

ಗೇಟಿನಾಚೆ ನಿಂತ ನನ್ನನ್ನು ಬಿಟ್ಟು ಎಲ್ಲರೂ ಹೋದ ಮೇಲೆ ಕ್ಲೆಮ್ ಶೆಡ್ಡಿನಿಂದ ಡೋರಿಸ್‌ಳನ್ನು ತಂದು ಆಳದ ಮೂಲೆಯಲ್ಲಿ ನೆಟ್ಟ. ಹೊಲದಾಚೆಯ ಮರದ ಮೇಲೆ ಕಪ್ಪು ಚುಕ್ಕೆ ಮತ್ತೆ ಬಂದು ಕೂತಿತ್ತು. ಅವನು ಡೋರಿಸ್‌ಳ ಕೆಂಪು ಕೋಟು ನೋಡಿದ, ಆಮೇಲೆ ಹೆಂಡತಿಯ ಕಡೆ ನೋಡಿದ.

ನೋರೀನ್ ನಿಟ್ಟುಸಿರಿಟ್ಟು ತನ್ನ ತಲೆಯ ನೇರಳೆ ಟೋಪಿ ತೆಗೆದಳು. ತಂಗಿಯ ಮದುವೆಗೆಂದು ಕೊಂಡ ಟೋಪಿ ಅದು. "ಮದುವೇಲಿ ಯಾರೂ ತಿರುಗಿ ನೋಡ್ಲಿಲ್ಲ. ಇಲ್ಲಾದ್ರೂ ಯಾರಾದ್ರೂ ಹೆದರ್ಲಿ."

ಕ್ಲೆಮ್ ಟೋಪಿಯನ್ನು ಡೋರಿಸ್‌ಳ ತಲೆಗಿಟ್ಟು, ಅವಳ ಮುಖವನ್ನು ಮರದ ಕಡೆ ತಿರುಗಿಸಿದ. ಕೊರಳಿನ ದಾರ ತೆಗೆದು ಗೇಟಿಗೆ ಬೀಗ ಹಾಕಿದ. ಎರಡು ಸಲ ಎಳೆದು ನೋಡಿದ.