ಸಾಬಜ್ಜನ ಎಡಗಾಲು

"ಅಮ್ಮಾ, ಸಾಬಜ್ಜ ಸುಮ್ನೆ ಕುರ್ಚಿ ಮೇಲೆ ಕೂತಿದ್ರೂ ಎಡಗಾಲಲ್ಲಿ ನೆಲ ಒತ್ತುತ್ತಾ ಇರ್ತಾರಲ್ಲ, ಯಾಕೆ?"

ಶರಣ್ಯಾ ಇದನ್ನು ಕೇಳಿದ್ದು ಸೋಮವಾರ ಸಂಜೆ, ನಾನು ಅವಳ ಶೂ ಬಿಚ್ಚುತ್ತಿದ್ದಾಗ. ಭದ್ರಾವತಿಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದೆ. ಶಿವರಾತ್ರಿಗೂ ಮುಂಚೆಯೇ ಈ ವರ್ಷ ಸೆಕೆ ಶುರುವಾಗಿದೆ. ಐದು ವರ್ಷದ ಮಗುವಿಗೆ ಅರ್ಥವಾಗುವ ಹಾಗೆ ಏನನ್ನಾದರೂ ಹೇಳುವ ತ್ರಾಣ ನನ್ನಲ್ಲಿರಲಿಲ್ಲ.

"ಅಭ್ಯಾಸ ಕಣೇ. ಜೀಪಲ್ಲಿ ಕ್ಲಚ್ ಒತ್ತಿ ಒತ್ತಿ ಹಾಗಾಗಿದೆ."

"ಕ್ಲಚ್ ಅಂದ್ರೆ?"

"ಗೇರ್ ಬದಲಾಯಿಸುವಾಗ ಕಾಲಲ್ಲಿ ಒತ್ತೋದು. ಹೋಗು, ಕೈಕಾಲು ತೊಳ್ಕೋ."

ಸಾಬಜ್ಜ ಎಂದರೆ ಮೆಹಬೂಬ್ ಸಾಬ್. ರವೀಂದ್ರನಗರದಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ನಾನು ಭದ್ರಾವತಿಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಮಧ್ಯಾಹ್ನದಿಂದ ನಾನು ಬರುವ ತನಕ ಶರಣ್ಯಾ ಅವರ ಮನೆಯಲ್ಲೇ ಇರುತ್ತಾಳೆ. ಅವರ ಹೆಂಡತಿ ಖುರ್ಷಿದ್ ಬೇಗಂ, ಶರಣ್ಯಾಳ ಬಾಯಲ್ಲಿ ನಾನೀ, ಅಂದರೆ ಅಜ್ಜಿ, ಅವಳಿಗೆ ಉಣ್ಣಿಸಿ, ಮಲಗಿಸಿ, ಎಬ್ಬಿಸಿ, ತಲೆ ಬಾಚಿ ಕೂರಿಸಿರುತ್ತಾರೆ. ನನ್ನ ಮಗಳ ಎರಡು ಜಡೆ ದಿನದಲ್ಲಿ ಒಮ್ಮೆಯಾದರೂ ನೆಟ್ಟಗೆ ಬೀಳುವುದು ಅವರ ಕೈಯಿಂದಲೇ.

ಕಾಲಿನ ವಿಷಯ ಅವರಿಗೂ ಗೊತ್ತು. ಮರುದಿನ ಶರಣ್ಯಾ ಅದೇ ಪ್ರಶ್ನೆಯನ್ನು ಅಲ್ಲಿಯೂ ಕೇಳಿದಳಂತೆ. "ಮಲಗಿದಾಗ್ಲೂ ಒತ್ತುತ್ತಾರೆ ಮಾ. ನಲವತ್ತು ವರ್ಷದಿಂದ ನನ್ನ ಮೊಣಕಾಲೇ ಇವರ ಕ್ಲಚ್ಚು" ಎಂದು ಖುರ್ಷಿದಮ್ಮ ನನಗೆ ಹೇಳಿ ನಕ್ಕರು. ಸಾಬ್ರು ನಗಲಿಲ್ಲ. ಮೊದಲಾಗಿದ್ದರೆ ಇದಕ್ಕೆ ಎರಡು ಮಾತು ಸೇರಿಸಿ ತಿರುಗಿಸಿ ಕೊಡುತ್ತಿದ್ದರು.

ಅವರಿಗೀಗ ಅರವತ್ತೆರಡು. ಹದಿನಾರಕ್ಕೆ ಜೀಪಿನ ಕೆಳಗೆ ಮಲಗಿದವರು. ಗ್ಯಾರೇಜುಗಳೇ ತುಂಬಿದ ಆಟೋ ಕಾಂಪ್ಲೆಕ್ಸಿನಲ್ಲಿ ತಗಡಿನ ರಿಪೇರಿ ಶೆಡ್ಡು, ಅದರೊಳಗೆ ಜೀಪುಗಳು ಮಾತ್ರ. ಕಾರು ತಂದರೆ, "ಪಕ್ಕದ ಶೆಡ್ಡಿಗೆ ಹೋಗಿ, ಅಲ್ಲಿ ಸೋಫಾ ರಿಪೇರಿ ಮಾಡ್ತಾರೆ" ಎನ್ನುತ್ತಿದ್ದರು. ಈಗ ಹತ್ತು ಹನ್ನೆರಡು ವರ್ಷದಿಂದ ಊರಿನ ಅನುಕೂಲಸ್ಥರಿಗೆ ಜೀಪು ಹತ್ತಿಸುವ ಹುಚ್ಚು ಹಿಡಿದಿದೆ. ಹೊಳಲೂರಿನ ಆಚೆ, ಕಲ್ಲು ಒಡೆದು ಬಿಟ್ಟುಹೋದ ಒಂದು ಹಳೇ ಕ್ವಾರಿಗೆ ಭಾನುವಾರ ಎಂಟು ಹತ್ತು ಗಾಡಿ ಹೋಗುತ್ತವೆ. ಆನೆಗಾತ್ರದ ಬಂಡೆಗಳ ಮೇಲೆ ಆಮೆಯಂತೆ ಗಾಡಿ ಹತ್ತಿಸಬೇಕು. ಯಾರೂ ಯಾರನ್ನೂ ಹಿಂದೆ ಹಾಕುವ ಹಾಗಿಲ್ಲ. ಗಾಡಿಗೂ ಮೈಗೂ ಏನೂ ಆಗದೆ ಮೇಲೆ ಮುಟ್ಟಿದರೆ ಗೆದ್ದ ಹಾಗೆ.

ಅಲ್ಲಿ ಸಿಕ್ಕಿಬಿದ್ದವರನ್ನು ಎಳೆದು ತೆಗೆಯುವವರು ಸಾಬ್ರು. ಆ ಕಥೆಗಳು ನಮ್ಮ ಬೀದಿಗೆಲ್ಲ ಬಾಯಿಪಾಠ. ಒಬ್ಬರು ಗಾಡಿಯ ಹೊಟ್ಟೆಯನ್ನು ಬಂಡೆಯ ಮೇಲೆ ಕೂರಿಸಿ, ನಾಲ್ಕೂ ಚಕ್ರ ಗಾಳಿಯಲ್ಲಿ ತಿರುಗಿಸುತ್ತಾ "ಸಾಬ್ರೆ, ಯಾಕೋ ಮುಂದೆ ಹೋಗ್ತಿಲ್ಲ" ಎಂದರಂತೆ. ಇನ್ನೊಬ್ಬರು ಬೇಡ ಬೇಡವೆಂದರೂ ಹಗ್ಗವನ್ನು ಬಂಪರಿಗೆ ಕಟ್ಟಿದರು. "ಎಳೆದೆ. ಬಂಪರ್ ಬಂತು. ಗಾಡಿ ಅಲ್ಲೇ ಇತ್ತು."

ಸಾಬ್ರ ಜೊತೆ ಯಾವಾಗಲೂ ಇರುತ್ತಿದ್ದವರು ಭದ್ರಾವತಿ ಜನ್ನಾಪುರದ ಶಿವಯೋಗಪ್ಪ. ಕಬ್ಬಿಣದ ಕಾರ್ಖಾನೆಯಲ್ಲಿ ಕ್ರೇನಿಗೆ ಕೈಸನ್ನೆ ಕೊಡುವ ಕೆಲಸದಲ್ಲಿದ್ದು ನಿವೃತ್ತರಾದವರು. ಬಂಡೆ ಹತ್ತುವಾಗ ಸ್ಟೀರಿಂಗ್ ಹಿಡಿದವನಿಗೆ ಚಕ್ರದ ಕೆಳಗಿನ ಕಲ್ಲು ಕಾಣುವುದಿಲ್ಲ. ಮುಂದೆ ಒಬ್ಬರು ಹಿಮ್ಮುಖವಾಗಿ ನಡೆಯುತ್ತಾ ಕೈಯಲ್ಲಿ ಹೇಳಬೇಕು: ಎಡಕ್ಕೆ, ಬಲಕ್ಕೆ, ಬಾ, ನಿಲ್ಲು. ಸೀಟಿನಲ್ಲಿ ಕೂತ ಮೇಲೆ ಕಲ್ಲು ನೋಡಬಾರದು, ಕೈ ಮಾತ್ರ ನೋಡಬೇಕು. ಅದು ಅಲ್ಲಿಯ ಕಟ್ಟಳೆ. ಕೈ ತೋರಿಸುವವನದೇ ಜವಾಬ್ದಾರಿ. ಗಾಡಿ ಬಿದ್ದರೂ ಮೊದಲು ಕೇಳುವುದು ಅವನನ್ನೇ.

ಶಿವಯೋಗಪ್ಪನವರು ಭಾನುವಾರ ಬೆಳಿಗ್ಗೆ ನಮ್ಮ ಬೀದಿಗೆ ಬಂದರೆ ಶರಣ್ಯಾಗೂ ಆ ಸನ್ನೆಗಳನ್ನು ಕಲಿಸುತ್ತಿದ್ದರು. ಮುಷ್ಟಿ ಹಿಡಿದರೆ ನಿಲ್ಲಿಸು ಎಂದು. ನಾನು ಅನ್ನದ ತುತ್ತು ಹಿಡಿದುಕೊಂಡು ಹೋದಾಗಲೆಲ್ಲ ಅವಳು ಮುಷ್ಟಿ ತೋರಿಸುತ್ತಿದ್ದಳು.

ಅವರು ಬರುವುದು ನಿಂತು ನಾಲ್ಕು ತಿಂಗಳಾಯಿತು. ದೀಪಾವಳಿ ಮುಗಿದ ಭಾನುವಾರ ಕ್ವಾರಿಯಲ್ಲಿ ಒಂದು ಗಾಡಿ ಮಗುಚಿತು. ಗಾಡಿ ಹಾರ್ಡ್‌ವೇರ್ ಅಂಗಡಿಯ ಜ್ಞಾನೇಶ್ ಅವರದು, ಹೊಸದು, ಆಟೋಮ್ಯಾಟಿಕ್. ಕಡಿದಾದ ಕಡೆ ಅವರಿಗೆ ಧೈರ್ಯ ಸಾಲದೆ ಸಾಬ್ರನ್ನು ಕೂರಿಸಿ, ತಾವು ಪಕ್ಕದಲ್ಲಿ ಕೂತಿದ್ದರು. ಜ್ಞಾನೇಶ್ ಅವರ ಮಣಿಕಟ್ಟು ಮುರಿಯಿತು. ಸಾಬ್ರ ಹುಬ್ಬಿನ ಮೇಲೆ ಐದು ಹೊಲಿಗೆ. ಶಿವಯೋಗಪ್ಪ ತಪ್ಪು ಕೈ ತೋರಿಸಿದರಂತೆ, ವಯಸ್ಸಾಯ್ತು ಪಾಪ ಎಂದು ಎಲ್ಲರೂ ಮಾತಾಡಿಕೊಂಡರು. ನಾನೂ ನಂಬಿದ್ದೆ. ಕ್ವಾರಿಗೆ ಈಗ ಬೇರೆ ಯಾರನ್ನೋ ಕರೆಯುತ್ತಾರೆ. ಸಾಬ್ರೂ ಆಮೇಲೆ ಹೋಗಿಲ್ಲ. ಶೆಡ್ಡಿನಿಂದ ನಾಲ್ಕು ಗಂಟೆಗೇ ಬಂದು ವರಾಂಡದ ಕುರ್ಚಿಯಲ್ಲಿ ಕೂರುತ್ತಾರೆ.

ಇಷ್ಟರ ನಡುವೆ ನಮ್ಮ ಮನೆಯಲ್ಲಿ ಕಾರಿನ ಮಾತು. ದಿನಾ ಎರಡು ಹೊತ್ತು ಬಸ್ಸಿನಲ್ಲಿ ನಿಂತು ನನಗೆ ಸಾಕಾಗಿದೆ. ಶರಣ್ಯಾ ಹುಟ್ಟಿದಾಗಿನಿಂದ ಎಡಗಡೆ ಸೊಂಟದಿಂದ ಮೊಣಕಾಲಿನ ತನಕ ಒಂದು ಸೆಳೆತ ಹಾಗೇ ಉಳಿದಿದೆ. ನನಗೆ ಆಟೋಮ್ಯಾಟಿಕ್ ಬೇಕು. ನನ್ನ ಗಂಡ ವಿಜಯೇಂದ್ರ ಅವರಿಗೆ ಮ್ಯಾನುವಲ್ಲೇ ಆಗಬೇಕು. ಮೈಲೇಜು, ರಿಪೇರಿ, ಘಾಟಿ ಎಂದೆಲ್ಲ ಕಾರಣ. ಮೂರು ವಾರ ಅದೇ ಮಾತು ಜಗಿದು ಇಬ್ಬರ ದವಡೆಯೂ ನೋಯುತ್ತಿತ್ತು. ಕೊನೆಗೆ ಅವರು, "ಸಾಬ್ರನ್ನ ಕೇಳು. ಅವರು ಹೇಳಿದ್ದೇ ಫೈನಲ್" ಎಂದರು. ಜಾಣರು. ಸಾಬ್ರು ಏನು ಹೇಳುತ್ತಾರೆಂದು ಇಡೀ ರವೀಂದ್ರನಗರಕ್ಕೆ ಗೊತ್ತು. ಆಟೋಮ್ಯಾಟಿಕ್ ಓಡಿಸುವುದೆಂದರೆ ಕಂಡವರ ಮನೆ ಊಟದ ಹಾಗಂತೆ: ಹೊಟ್ಟೆ ತುಂಬುತ್ತೆ, ಒಳಗೆ ಏನು ಹಾಕಿದ್ರು ಅಂತ ಗೊತ್ತಾಗಲ್ಲ.

ಸೋಲುವುದಕ್ಕೆ ತಯಾರಾಗಿಯೇ ಇವತ್ತು, ಶುಕ್ರವಾರ ಸಂಜೆ, ಶರಣ್ಯಾಳನ್ನು ಕರೆತರಲು ಹೋದಾಗ ಕೇಳಿದೆ. ಖುರ್ಷಿದಮ್ಮ ಒಳಗೆ ಅವಳ ಜಡೆ ಹೆಣೆಯುತ್ತಿದ್ದರು. ಸಾಬ್ರು ವರಾಂಡದಲ್ಲಿ ಒಬ್ಬರೇ ಇದ್ದರು.

"ಆಟೋಮ್ಯಾಟಿಕ್ಕೇ ತಗೊಳ್ಳಿ ಟೀಚರಮ್ಮ."

"ಸಾಬ್ರೆ, ಜ್ವರ ಏನಾದ್ರೂ ಬಂದಿದ್ಯಾ?"

"ಇಲ್ಲ ಮಾ. ನಿಮ್ಮ ಕಾಲು ನೋವು ನಾನು ನೋಡ್ತಾ ಇದೀನಲ್ಲ, ಮೆಟ್ಟಿಲು ಹತ್ತುವಾಗ. ಇಲ್ಲಿಂದ ಭದ್ರಾವತಿ ತನಕ ಎಷ್ಟು ಸಲ ಗೇರ್ ಹಾಕ್ಬೇಕು ಲೆಕ್ಕ ಇದೆಯಾ? ಮನೆ ಕೆಲಸ, ಮಗು, ಸ್ಕೂಲು. ಒಂದು ಕೆಲಸನಾದ್ರೂ ಗಾಡಿ ಮಾಡ್ಲಿ ಬಿಡಿ."

ನಾನು ವರಾಂಡದ ಕಟ್ಟೆಯ ಮೇಲೆ ಕೂತೆ.

"ಆದ್ರೆ ಒಂದು ಮಾತು," ಅವರು ಮುಂದುವರಿಸಿದರು. "ನೀವು ಕಲ್ತಿದ್ದು ಮ್ಯಾನುವಲ್ಲು. ಮೊದಲ ಒಂದು ತಿಂಗಳು ಎಡಗಾಲನ್ನ ಸೀಟಿನ ಕೆಳಗೆ ಮಡಚಿ ಇಟ್ಕೊಳ್ಳಿ. ಪೆಡಲ್ ಹತ್ರಕ್ಕೇ ಬಿಡಬೇಡಿ ಅದನ್ನ. ಕಾಲಿಗೆ ಬುದ್ಧಿ ಇಲ್ಲ."

"ಬಿಟ್ರೆ ಏನಾಗುತ್ತೆ?"

ಅವರು ಗೇಟಿನ ಕಡೆ ತಿರುಗಿದರು. ಎಡಗಾಲು ನೆಲವನ್ನು ಒತ್ತಿತು, ಬಿಟ್ಟಿತು. ಆಮೇಲೆ ಅದರ ಮೇಲೆ ಬಲಗಾಲನ್ನು ಇಟ್ಟುಕೊಂಡರು.

"ನನಗೆ ಆದದ್ದೇ ಆಗುತ್ತೆ" ಎಂದರು.

ಅವರು ಹೇಳಿದ್ದನ್ನು ಕೇಳಿದ ಹಾಗೇ ಬರೆಯುತ್ತೇನೆ.

"ಕ್ವಾರಿನಲ್ಲಿ ಕೊನೇ ಬಂಡೆ. ಶಿವಯೋಗಪ್ಪ ಮುಂದೆ. ಎಡಕ್ಕೆ ಅಂದ, ಎಡಕ್ಕೆ ತಗೊಂಡೆ. ಬಾ ಅಂದ, ಬಂದೆ. ಮುಂದಿನ ಚಕ್ರ ಬಂಡೆ ಏರ್ತು. ಇಂಜಿನ್ ಸದ್ದು ಕುಗ್ಗಿತು. ನಲವತ್ತಾರು ವರ್ಷ ಆ ಸದ್ದು ಕೇಳಿದ್ರೆ ನಾನೇನು ಮಾಡಿದೀನಿ? ಆಫ್ ಆಗುತ್ತೆ ಅಂತ ಕ್ಲಚ್ ಒತ್ತಿದೀನಿ. ಇದು ಆಫ್ ಆಗೋ ಗಾಡಿ ಅಲ್ಲ. ತಲೆಗೆ ಗೊತ್ತು, ಕಾಲಿಗೆ ಗೊತ್ತಿಲ್ಲ. ಜೋರಾಗಿ ಒತ್ತೇಬಿಟ್ಟೆ. ಆ ಗಾಡೀಲಿ ಕ್ಲಚ್ಚೇ ಇಲ್ಲ ಟೀಚರಮ್ಮ. ಬ್ರೇಕ್ ಪೆಡಲ್ ಮಾತ್ರ, ಇಷ್ಟು ಅಗಲ. ಅದಕ್ಕೇ ಬಿತ್ತು ಕಾಲು. ಚಕ್ರ ನಾಲ್ಕೂ ಹಿಡ್ಕೊಂಡ್ವು, ಗಾಡಿ ಹಿಂದಕ್ಕೆ ಜಾರಿ ಅಡ್ಡ ತಿರುಗ್ತು, ಮಗುಚ್ತು. ಅವನ ಕೈ ಸರಿ ಇತ್ತು. ಕೊನೇ ತನಕ ಸರಿ ಇತ್ತು."

"ಆಗಲೇ ಯಾಕೆ ಹೇಳ್ಲಿಲ್ಲ ಸಾಬ್ರೆ?"

"ರಕ್ತ ಕಣ್ಣೊಳಗೆ ಇಳೀತಿತ್ತು. ಯಾರೋ ಅಂದ್ರು, ಶಿವಯೋಗಪ್ಪಾ, ಯಾವ ಕೈ ತೋರಿಸಿದೆಯಪ್ಪಾ ನೀನು ಅಂತ. ಅವನು ತನ್ನ ಎರಡು ಕೈನೂ ನೋಡ್ಕೊಂಡ. ಆವಾಗ ಹೇಳ್ಬೇಕಿತ್ತು. ಆಸ್ಪತ್ರೆಗೆ ಹೋಗಿ ಬಂದು ಹೇಳಾಣ ಅಂದ್ಕೊಂಡೆ. ಹೊಲಿಗೆ ಬಿಚ್ಚಲಿ ಅಂದ್ಕೊಂಡೆ. ಮೆಹಬೂಬ್ ಸಾಬ್ ಕಾಲು ತಪ್ಪಿದ ಅಂದ್ರೆ ಆ ಶೆಡ್ಡಿಗೆ ಯಾರು ಬರ್ತಾರೆ ಮಾ? ನನ್ನ ಹತ್ರ ಇರೋದು ಅದೊಂದೇ ಹೆಸರು."

ನಾನು ಸಮಾಧಾನಕ್ಕೆ, "ಗಾಡಿ ಬೀಳೋದು ಎಲ್ಲರಿಗೂ ಆಗುತ್ತೆ" ಎಂದೆ. ಅವರು ಕೈ ಅಡ್ಡ ಆಡಿಸಿದರು.

"ಬಿದ್ದಿದ್ದಕ್ಕಲ್ಲ. ಅವನೇ ನಂಬಿಬಿಟ್ಟಿದಾನೆ. ಅವನ ಹೆಂಡತಿ ಬಸವರಾಜೇಶ್ವರಿ ಖುರ್ಷಿದ್‌ಗೆ ಫೋನ್ ಮಾಡಿದ್ರು ಮೊನ್ನೆ. ಮನೇಲಿ ಒಬ್ಬನೇ ಕನ್ನಡಿ ಮುಂದೆ ನಿಂತು ಕೈ ಎತ್ತಿ ನೋಡ್ತಾನಂತೆ, ಇದು ಎಡವಾ, ಇದು ಬಲವಾ ಅಂತ. ಮೊಮ್ಮಗಳನ್ನ ರಸ್ತೆ ದಾಟಿಸೋಕೂ ಹೋಗಲ್ವಂತೆ. ನನ್ನ ಕೈ ನಂಬಬೇಡಿ ಅಂತಾನಂತೆ. ಹತ್ತು ಹನ್ನೆರಡು ವರ್ಷ ಅವನ ಕೈ ನೋಡ್ಕೊಂಡು ಬದುಕಿದೀನಿ ನಾನು."

ಒಳಗಿನಿಂದ ಶರಣ್ಯಾ, "ನಾನೀ, ಎಳೀಬೇಡಿ, ನೋಯುತ್ತೆ" ಎಂದು ಕೂಗಿದಳು. ಖುರ್ಷಿದಮ್ಮ, "ಆಯ್ತು ಆಯ್ತು, ಮಾರಾಯ್ತಿ" ಎಂದರು. ಸಾಬ್ರು ದನಿ ತಗ್ಗಿಸಿದರು. ಹೆಂಡತಿಗೂ ಅವರು ಹೇಳಿಲ್ಲ.

ನನಗೆ ಬೈಯಬೇಕೆನಿಸಲಿಲ್ಲ. ಆದರೆ ಮನಸ್ಸು ಕರಗಿ ಏನಾದರೂ ಹೇಳಿದರೆ ಅವರಿಗೆ ಇನ್ನೊಂದು ತಿಂಗಳು ತಳ್ಳಲು ದಾರಿಯಾಗುತ್ತದೆ ಎಂದೂ ಗೊತ್ತಿತ್ತು. "ಫೋನಲ್ಲೇ ಹೇಳಿಬಿಡಿ" ಎಂದೆ.

"ಎತ್ತಲ್ಲ ಅವನು. ನನಗೆ ಮುಖ ತೋರಿಸೋಕೆ ಆಗಲ್ಲ ಅವನಿಗೆ. ತಮಾಷೆ ನೋಡಿ."

"ಮನೆಗೆ ಹೋಗಿ."

"ಎರಡು ಸಲ ಹೋಗಿದೀನಿ ಜನ್ನಾಪುರಕ್ಕೆ. ಖುರ್ಷಿದ್‌ಗೆ ಪಾರ್ಟ್ಸ್ ತರೋಕೆ ಅಂತ ಹೇಳಿ ಹೋಗಿದ್ದು. ಮೊದಲನೇ ಸಲ ಕೂತ್ಕೊಂಡೆ, ಚಾ ಬಂತು. ಅವನು ನನ್ನ ಹುಬ್ಬು ನೋಡಿ ಕಣ್ಣು ಒರೆಸ್ಕೊಂಡ. ನಾನು ಚಾ ಕುಡಿದೆ. ಚಾ ಕುಡಿದ್ಮೇಲೆ ಸೆಕೆ ವಿಷಯ ಬಂತು, ಮೊಮ್ಮಗಳ ಹಲ್ಲು ಬಿದ್ದ ವಿಷಯ ಬಂತು, ಎದ್ದು ಬಂದೆ. ಎರಡನೇ ಸಲಾನೂ ಅದೇ. ಒಬ್ಬ ಮನುಷ್ಯನ ಮನೇಲಿ ಚಾ ಕುಡಿದು, ಲೋಟ ಕೆಳಗಿಟ್ಟು, ಆಮೇಲೆ ಇಂಥ ಮಾತು ಹೇಳೋಕಾಗಲ್ಲ ಟೀಚರಮ್ಮ. ಬಾಯಿ ಕಟ್ಟುತ್ತೆ."

ಶರಣ್ಯಾ ಜಡೆ ಕುಣಿಸುತ್ತಾ ಹೊರಗೆ ಬಂದು ನನ್ನ ತೊಡೆಗೆ ಒರಗಿ ನಿಂತಳು. ನಾನು ಅವಳ ಚೀಲ ಹೆಗಲಿಗೆ ಹಾಕಿಕೊಂಡೆ. ಇಂಥ ಹೊತ್ತಿನಲ್ಲಿ ಎದ್ದು ಹೊರಡುವುದು ಹೇಗೆಂದು ತಿಳಿಯದೆ, ಅವಳ ನೀರಿನ ಬಾಟಲಿಯ ಮುಚ್ಚಳವನ್ನು ಸುಮ್ಮನೆ ಬಿಗಿ ಮಾಡುತ್ತಿದ್ದೆ. ಸಾಬ್ರು ಎದ್ದು ನಿಂತರು.

"ನಾಳೆ ಶನಿವಾರ. ನಿಮಗೆ ಅರ್ಧ ದಿನ ತಾನೇ ಸ್ಕೂಲು?"

"ಹೌದು. ಹನ್ನೊಂದೂವರೆಗೆ ಬಿಡುತ್ತೆ."

"ನಾನು ಹನ್ನೊಂದೂವರೆಗೆ ನಿಮ್ಮ ಸ್ಕೂಲ್ ಗೇಟ್ ಹತ್ರ ಬರ್ತೀನಿ. ಶಿವಯೋಗಪ್ಪನ ಮನೆ ತನಕ ನನ್ನ ಜೊತೆ ಬನ್ನಿ. ನೀವು ಏನೂ ಮಾತಾಡೋದು ಬೇಡ, ಮಾತು ನಂದೇ. ಬಸವರಾಜೇಶ್ವರಿ ಚಾ ತರ್ತಾರೆ. ನಾನು ಆ ಮಾತು ಹೇಳಿ ಮುಗಿಸೋ ತನಕ ನನ್ನ ಕೈಗೆ ಲೋಟ ಸಿಗದ ಹಾಗೆ ನೋಡ್ಕೊಳ್ಳಿ ಮಾ. ಅಷ್ಟು ಮಾಡಿ."